ದಾಳ ಉರುಳುವ ಮುನ್ನವೇ ತೀರ್ಪು: ಗೇಮ್ ಮಾಸ್ಟರ್ ನಿಯಮಗಳ ಮೇಲಿನ ಅಧಿಕಾರವನ್ನು ಬಳಸುವ ಬಗೆ

ಆಟಗಾರರು ಒಂದೊಂದು ಪಾತ್ರ ವಹಿಸಿ ಮಾತಿನಲ್ಲೇ ಕಥೆ ಕಟ್ಟುವ ರೋಲ್‌ಪ್ಲೇಯಿಂಗ್ ಗೇಮ್‌ಗಳಲ್ಲಿ, ಆಟ ನಡೆಸುವ ಗೇಮ್ ಮಾಸ್ಟರ್ ಹೇಳಿದ್ದೇ ಕೊನೆಯ ಮಾತು ಎಂಬ ನಂಬಿಕೆ ಬಹಳ ಹಳೆಯದು; ಅನೇಕ ನಿಯಮ ಪುಸ್ತಕಗಳು ಅದನ್ನು ನೇರವಾಗಿಯೇ ಹೇಳುತ್ತವೆ. ಆದರೆ ಪುಸ್ತಕ ಕೊಡುವ ಅಧಿಕಾರ ಮೇಜಿನ ಸುತ್ತ ಕುಳಿತ ನಾಲ್ಕೈದು ಜನ ಒಪ್ಪಿದಷ್ಟು ಹೊತ್ತು ಮಾತ್ರ ನಡೆಯುತ್ತದೆ. ಅವರು ಎದ್ದು ಹೋದರೆ ಆ ಅಧಿಕಾರ ಖಾಲಿ ಕುರ್ಚಿಗಳ ಮೇಲಷ್ಟೇ. ಆದ್ದರಿಂದ ತನಗೆ ಎಷ್ಟು ಅಧಿಕಾರವಿದೆ ಎಂದು ಲೆಕ್ಕ ಹಾಕುವುದಕ್ಕಿಂತ, ಅದನ್ನು ಯಾವಾಗ ಮತ್ತು ಯಾವ ಕ್ರಮದಲ್ಲಿ ಬಳಸಬೇಕೆಂದು ಕಲಿಯುವುದು ಆಟ ನಡೆಸುವವರಿಗೆ ಹೆಚ್ಚು ಉಪಯುಕ್ತ. ಈ ಬರಹದುದ್ದಕ್ಕೂ ನಾನು ಒಂದೇ ಅಳತೆಗೋಲನ್ನು ಹಿಡಿದಿದ್ದೇನೆ: ದಾಳ ಉರುಳುವ ಮುನ್ನ ಹೇಳಿದ್ದು ತೀರ್ಪು, ಉರುಳಿದ ಮೇಲೆ ಹೇಳಿದ್ದು ಒಬ್ಬರಿಗೆ ಕೃಪೆ, ಇನ್ನೊಬ್ಬರಿಗೆ ಶಿಕ್ಷೆ.

ತೀರ್ಪುಗಾರರು ಏಕೆ ಬೇಕಾದರು

ಈ ಅಧಿಕಾರದ ಬೇರು ಈ ಆಟಗಳಿಗಿಂತ ಹಳೆಯದು. ಪ್ರಷ್ಯದ ಸೇನಾಧಿಕಾರಿ ಗೇಯಾರ್ಗ್ ಫಾನ್ ರೈಸ್‌ವಿಟ್ಸ್ 1824ರಲ್ಲಿ ಪ್ರಕಟಿಸಿದ ಕ್ರೀಗ್‌ಷ್ಪೀಲ್ ಎಂಬ ಯುದ್ಧದಾಟದಲ್ಲಿ, ಎರಡು ಪಕ್ಷಗಳಿಗೂ ಕಾಣದ ಸಂಗತಿಗಳನ್ನು ಬಲ್ಲ ತೀರ್ಪುಗಾರರೊಬ್ಬರು ದಾಳವನ್ನೂ ಕೋಷ್ಟಕಗಳನ್ನೂ ನೋಡಿ ಸೈನ್ಯದ ನಷ್ಟವನ್ನು ಲೆಕ್ಕ ಹಾಕುತ್ತಿದ್ದರು. ಕೋಷ್ಟಕಗಳ ಹೊರೆಯಿಂದ ಆಟ ಕುಂಟುತ್ತಿದೆ ಎಂದು ಕಂಡ ಯೂಲಿಯುಸ್ ಫಾನ್ ವೆರ್ಡಿ ಡು ವೆರ್ನುವಾ, 1876ರಲ್ಲಿ, ಬಹುಪಾಲು ನಿರ್ಧಾರಗಳನ್ನು ಅನುಭವಿ ತೀರ್ಪುಗಾರರ ವಿವೇಚನೆಗೇ ಬಿಡಬೇಕೆಂದು ವಾದಿಸಿದರು. ನಿಯಮ ಹೆಚ್ಚೋ ವಿವೇಚನೆ ಹೆಚ್ಚೋ ಎಂದು ಇಂದು ಆಟಗಾರರು ನಡೆಸುವ ಜಗಳಕ್ಕೆ ಹೀಗೆ ಒಂದೂವರೆ ಶತಮಾನದ ವಯಸ್ಸಾಗಿದೆ.

1969ರಲ್ಲಿ ಡೇವಿಡ್ ವೆಸ್ಲಿ ನಡೆಸಿದ ಬ್ರೌನ್‌ಸ್ಟೈನ್ ಆಟದಲ್ಲಿ ಆಟಗಾರರು ಸೈನ್ಯಕ್ಕೆ ಬದಲಾಗಿ ಒಂದೊಂದು ಪಾತ್ರವನ್ನು ವಹಿಸಿಕೊಂಡು, ನಿಯಮವೇ ಇಲ್ಲದ ಕೆಲಸಗಳಿಗೆ ಕೈ ಹಾಕಿದರು. ಅವಕ್ಕೆಲ್ಲ ಆತ ಸ್ಥಳದಲ್ಲೇ ಉತ್ತರ ಕೊಡಬೇಕಾಯಿತು. ಆ ಆಟದಲ್ಲಿ ಪಳಗಿದ ಡೇವ್ ಆರ್ನೆಸನ್, ಗ್ಯಾರಿ ಗೈಗ್ಯಾಕ್ಸ್ ಜೊತೆ ಸೇರಿ 1974ರಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಹೊರತಂದಾಗ ಆಟ ನಡೆಸುವವರನ್ನು ಕರೆದದ್ದು ‘ರೆಫರಿ’ ಎಂದೇ. ಯಾವ ಪುಸ್ತಕವೂ ಆಟಗಾರರ ತಲೆಗೆ ಹೊಳೆಯುವುದನ್ನೆಲ್ಲ ಮೊದಲೇ ಊಹಿಸಲಾರದು, ಮತ್ತು ಮುಚ್ಚಿದ ಬಾಗಿಲಿನ ಹಿಂದೆ ಏನಿದೆ ಎಂಬುದು ಒಬ್ಬರಿಗಾದರೂ ತಿಳಿದಿರಬೇಕು. ಗೇಮ್ ಮಾಸ್ಟರ್ ಕೈಗೆ ಅಧಿಕಾರ ಬಂದದ್ದು ಈ ಎರಡು ಅಗತ್ಯಗಳಿಂದ. ಅವರು ಉಳಿದವರಿಗಿಂತ ದೊಡ್ಡವರೆಂಬ ಕಾರಣದಿಂದಲ್ಲ.

ಹಂತ 1: ಯಾವ ಅಧಿಕಾರ ಯಾರದೆಂದು ಓದಿಕೊಳ್ಳಿ

ಆಟ ನಡೆಸಲು ಹೊರಟವರಲ್ಲಿ ಹೆಚ್ಚಿನವರು ರಾಕ್ಷಸರ ಪಟ್ಟಿಯನ್ನು ಓದುತ್ತಾರೆ, ಮಂತ್ರಗಳನ್ನು ಓದುತ್ತಾರೆ, ಆಟ ನಡೆಸುವವರಿಗೆಂದೇ ಬರೆದ ಅಧ್ಯಾಯವನ್ನು ಹಾರಿಸಿಬಿಡುತ್ತಾರೆ. ಅಧಿಕಾರದ ಗಡಿ ಇರುವುದು ಆ ಅಧ್ಯಾಯದಲ್ಲೇ, ಮತ್ತು ಆ ಗಡಿ ಆಟದಿಂದ ಆಟಕ್ಕೆ ಬದಲಾಗುತ್ತದೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಲ್ಲಿ ನಿಯಮವನ್ನು ಅರ್ಥೈಸುವ, ಬೇಕಾದರೆ ಬದಲಿಸುವ ಹಕ್ಕು ಡಂಜನ್ ಮಾಸ್ಟರ್, ಅಂದರೆ ಅಲ್ಲಿನ ಗೇಮ್ ಮಾಸ್ಟರ್, ಅವರದು. 2010ರಲ್ಲಿ ಬಂದ ಅಪೋಕ್ಯಾಲಿಪ್ಸ್ ವರ್ಲ್ಡ್ ಈ ಹಕ್ಕನ್ನು ಬಹಳ ಬಿಗಿಮಾಡಿತು. ಅಲ್ಲಿ ಆಟ ನಡೆಸುವವರು ದಾಳವನ್ನೇ ಮುಟ್ಟುವುದಿಲ್ಲ, ಯಾವಾಗ ಏನು ಹೇಳಬಹುದೆಂಬುದಕ್ಕೆ ಅವರಿಗೂ ಲಿಖಿತ ತತ್ತ್ವಗಳಿವೆ, ಅವು ಸಲಹೆಗಳಾಗಿರದೆ ನಿಯಮಗಳೇ ಆಗಿವೆ. ಬ್ಲೇಡ್ಸ್ ಇನ್ ದ ಡಾರ್ಕ್ ಅಧಿಕಾರವನ್ನು ಎರಡು ಪಾಲು ಮಾಡಿದೆ: ಪಾತ್ರ ತನ್ನ ಯಾವ ಕೌಶಲವನ್ನು ಬಳಸುತ್ತಿದೆ ಎಂದು ಹೇಳುವವರು ಆಟಗಾರರು, ಅದು ಎಷ್ಟು ಅಪಾಯಕಾರಿ ಮತ್ತು ಎಷ್ಟು ಪರಿಣಾಮಕಾರಿ ಎಂದು ಹೇಳುವವರು ಗೇಮ್ ಮಾಸ್ಟರ್. ಫಿಯಾಸ್ಕೊ ಆಟದಲ್ಲಿ ಗೇಮ್ ಮಾಸ್ಟರ್ ಎಂಬ ಸ್ಥಾನವೇ ಇಲ್ಲ. ಇನ್ನೊಂದು ತುದಿಯಲ್ಲಿ, 1984ರ ಪ್ಯಾರನಾಯಾ ಆಟದಲ್ಲಿ ಆಟಗಾರರು ನಿಯಮ ಗೊತ್ತಿದೆ ಎಂದು ತೋರಿಸಿಕೊಳ್ಳುವುದೇ ರಾಜದ್ರೋಹ. ಅದು ವಿಡಂಬನೆಯ ಆಟ. ಅದನ್ನು ಮಾದರಿಯಾಗಿ ಹಿಡಿದು ತಮ್ಮ ಮೇಜನ್ನು ನಡೆಸುವವರನ್ನೂ ನಾನು ಕಂಡಿದ್ದೇನೆ, ಅವರಿಗೆ ವಿಡಂಬನೆ ತಿಳಿದಂತಿರಲಿಲ್ಲ.

ಓದಿದ ಮೇಲೆ ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ಲೋಕದ ಸಂಗತಿಗಳನ್ನು ಹೇಳುವವರು ಯಾರು, ನಿಯಮದ ಅರ್ಥವನ್ನು ಹೇಳುವವರು ಯಾರು, ಯಾವಾಗ ದಾಳ ಉರುಳಬೇಕೆಂದು ಹೇಳುವವರು ಯಾರು, ಪಾತ್ರದ ಮನಸ್ಸಿನಲ್ಲಿ ಏನಿದೆ ಎಂದು ಹೇಳುವವರು ಯಾರು. ಕೊನೆಯದು ಬಹುತೇಕ ಎಲ್ಲ ಆಟಗಳಲ್ಲೂ ಆಟಗಾರರದೇ. ಮಂತ್ರದ ಪ್ರಭಾವದಂತಹ ಸಂದರ್ಭಗಳನ್ನು ಬಿಟ್ಟರೆ, ‘ನಿನ್ನ ಪಾತ್ರಕ್ಕೆ ಅವನ ಮೇಲೆ ಕನಿಕರ ಹುಟ್ಟಿತು’ ಎಂದು ಗೇಮ್ ಮಾಸ್ಟರ್ ಹೇಳುವುದು ಪಕ್ಕದವರ ಜೇಬಿಗೆ ಕೈ ಹಾಕಿದಂತೆ. ಸಂಘಟಿತ ಆಟಕೂಟಗಳಲ್ಲಿ, ಅಂದರೆ ಒಂದೇ ಪಾತ್ರವನ್ನು ಬೇರೆ ಬೇರೆ ಮೇಜುಗಳಿಗೆ ಕೊಂಡೊಯ್ಯಬಹುದಾದ ಕಡೆ, ಅಧಿಕಾರ ಇನ್ನಷ್ಟು ಕಿರಿದಾಗುತ್ತದೆ. ಅಲ್ಲಿ ಅಸ್ಪಷ್ಟ ನಿಯಮಕ್ಕೆ ಅರ್ಥ ಹೇಳಬಹುದೇ ಹೊರತು ಸ್ಪಷ್ಟ ನಿಯಮವನ್ನು ತಿದ್ದುವಂತಿಲ್ಲ.

ಹಂತ 2: ಮೊದಲ ಸೆಷನ್‌ಗೆ ಮುನ್ನ ಮಾತಾಡಿಕೊಳ್ಳಿ

ಇದಕ್ಕೆ ‘ಸೆಷನ್ ಜೀರೋ’ ಎಂಬ ಹೆಸರೇ ಬಳಕೆಯಲ್ಲಿದೆ. ಯಾವ ಪುಸ್ತಕಗಳು, ಯಾವ ಐಚ್ಛಿಕ ನಿಯಮಗಳು ಜಾರಿಯಲ್ಲಿರುತ್ತವೆ, ದಾಳವನ್ನು ಎಲ್ಲರೆದುರು ಉರುಳಿಸುತ್ತೀರೋ ಪರದೆಯ ಹಿಂದೋ, ಪಾತ್ರ ಸಾಯಬಹುದೋ ಇಲ್ಲವೋ, ಯಾವ ವಿಷಯಗಳು ಕಥೆಯಲ್ಲಿ ಬರಲೇಬಾರದು ಎಂಬುದನ್ನು ಇಲ್ಲಿ ಹೇಳಿ ಮುಗಿಸಬೇಕು. ಜಾನ್ ಸ್ಟಾವ್ರೋಪೌಲಸ್ ರೂಪಿಸಿದ ಎಕ್ಸ್-ಕಾರ್ಡ್ ಬಳಸುವುದಾದರೆ ಅದನ್ನೂ ಈಗಲೇ ವಿವರಿಸಿ: ಮೇಜಿನ ಮೇಲಿನ ಆ ಕಾರ್ಡನ್ನು ಯಾರಾದರೂ ಮುಟ್ಟಿದರೆ ಆ ಸನ್ನಿವೇಶವನ್ನು ಕಾರಣ ಕೇಳದೆ ಬಿಟ್ಟು ಮುಂದೆ ಹೋಗಬೇಕು. ಗೇಮ್ ಮಾಸ್ಟರ್ ಅಧಿಕಾರ ನಿಲ್ಲುವ ಒಂದು ಗೆರೆ ಅದು, ಮತ್ತು ಆ ಗೆರೆಯ ಮೇಲೆ ಯಾವ ನಿಯಮ ಪುಸ್ತಕದ ಮಾತೂ ನಡೆಯುವುದಿಲ್ಲ.

ಇಲ್ಲಿ ಹೇಳಲೇಬೇಕಾದ ಇನ್ನೊಂದು ವಾಕ್ಯವಿದೆ: ‘ಆಟದ ನಡುವೆ ನಿಯಮ ಗೊತ್ತಾಗದಿದ್ದರೆ ನಾನು ತಾತ್ಕಾಲಿಕ ತೀರ್ಪು ಕೊಡುತ್ತೇನೆ, ಆಟ ಮುಗಿದ ಮೇಲೆ ಎಲ್ಲರೂ ಸೇರಿ ಪುಸ್ತಕ ನೋಡೋಣ.’ ಈ ಒಪ್ಪಂದ ಮೊದಲೇ ಆಗಿದ್ದರೆ ಮುಂದೆ ಬರುವ ಜಗಳಗಳಲ್ಲಿ ಮುಕ್ಕಾಲು ಪಾಲು ಹುಟ್ಟುವುದೇ ಇಲ್ಲ.

ಹಂತ 3: ನಿಯಮವಿಲ್ಲದ ಜಾಗದಲ್ಲಿ ತೀರ್ಪು ಕಟ್ಟುವುದು

ಗೇಮ್ ಮಾಸ್ಟರ್ ಕೆಲಸದ ತಿರುಳು ಇದು; ಆದ್ದರಿಂದ ಒಂದು ಸನ್ನಿವೇಶವನ್ನು ಹತ್ತಿರದಿಂದ ನೋಡೋಣ. ಆಟ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಐದನೆಯ ಆವೃತ್ತಿ. ಕೋಟೆಯ ಗೋಪುರದ ಮೇಲೆ, ನಲವತ್ತು ಅಡಿ ಎತ್ತರದಲ್ಲಿ, ಹಗ್ಗದಲ್ಲಿ ತೂಗುವ ದೊಡ್ಡ ಗಂಟೆಯ ಪಕ್ಕ ಕಳ್ಳನ ಪಾತ್ರವೊಂದು ಅಡಗಿ ಕುಳಿತಿದೆ. ಕೆಳಗೆ ಕಾವಲುಪಡೆಯ ನಾಯಕ ನಿಂತಿದ್ದಾನೆ. ಆಟಗಾರ್ತಿ ಹೇಳುತ್ತಾಳೆ: ‘ಗಂಟೆಯ ಹಗ್ಗ ಕತ್ತರಿಸ್ತೀನಿ.’ ಗಂಟೆ ತಲೆಯ ಮೇಲೆ ಬೀಳುವುದಕ್ಕೆ ಪುಸ್ತಕದಲ್ಲಿ ನಿಯಮವಿಲ್ಲ.

ಮೊದಲು ಉದ್ದೇಶವನ್ನು ಕೇಳಿ. ಹಗ್ಗ ಕತ್ತರಿಸುವುದು ಕೆಲಸ. ನಾಯಕನನ್ನು ಕೊಲ್ಲುವುದೋ, ಗದ್ದಲ ಎಬ್ಬಿಸಿ ಕಾವಲುಗಾರರನ್ನು ದಾರಿ ತಪ್ಪಿಸುವುದೋ, ಗಂಟೆ ಮತ್ತೆ ಮೊಳಗದಂತೆ ಮಾಡುವುದೋ ಎಂಬುದು ಉದ್ದೇಶ. ಇದನ್ನು ಕೇಳದೆ ಕೊಟ್ಟ ತೀರ್ಪುಗಳೇ ‘ನಾನು ಹೇಳಿದ್ದು ಅದಲ್ಲ’ ಎಂಬ ಮಾತಿನಲ್ಲಿ ಕೊನೆಗೊಳ್ಳುವುದು. ಆಕೆ ‘ಅವನ ಮೇಲೆ ಬೀಳಬೇಕು’ ಎಂದಳು ಎನ್ನೋಣ.

ಆಮೇಲೆ ಲೋಕದ ಸಂಗತಿಯನ್ನು ಸ್ಪಷ್ಟಪಡಿಸಿ. ಹಗ್ಗ ತೋಳಿನಷ್ಟು ದಪ್ಪವಿದೆ, ನಾಯಕ ಸರಿಯಾಗಿ ಗಂಟೆಯ ಕೆಳಗೇ ನಿಂತಿದ್ದಾನೆ, ಆಕೆಯ ಕೈಯಲ್ಲಿರುವುದು ಸಣ್ಣ ಕತ್ತಿ. ಎಷ್ಟೋ ಸಲ ಸಂಗತಿ ಸ್ಪಷ್ಟವಾದೊಡನೆ ತೀರ್ಪಿನ ಅಗತ್ಯವೇ ಉಳಿಯುವುದಿಲ್ಲ. ನಾಯಕ ಹತ್ತಡಿ ಆಚೆ ನಿಂತಿದ್ದರೆ ಗಂಟೆ ಅವನ ಮೇಲೆ ಬೀಳುವುದಿಲ್ಲ, ಅದಕ್ಕೆ ದಾಳ ಬೇಕಿಲ್ಲ.

ಮೂರನೆಯದಾಗಿ ಪುಸ್ತಕದಲ್ಲಿರುವ ಅತ್ಯಂತ ಹತ್ತಿರದ ನಿಯಮವನ್ನು ಹುಡುಕಿ. ಎತ್ತರದಿಂದ ಬಿದ್ದವರಿಗೆ ಪ್ರತಿ ಹತ್ತು ಅಡಿಗೆ ಆರು ಮುಖದ ಒಂದು ದಾಳದಷ್ಟು ಪೆಟ್ಟು ಎಂಬ ನಿಯಮವಿದೆ. ಅದು ಬೀಳುವವರ ನಿಯಮ. ಆದರೂ ಬಿದ್ದದ್ದು ಯಾರ ಮೇಲೆ ಬಿದ್ದಿತೋ ಅವರ ಪೆಟ್ಟಿಗೂ ಅದನ್ನೇ ಅಳತೆಯಾಗಿ ಹಿಡಿಯಬಹುದು. ನಲವತ್ತು ಅಡಿಗೆ ನಾಲ್ಕು ದಾಳ, ಅಂದರೆ ಸರಾಸರಿ 14. ಹೊಸದಾಗಿ ಸಂಖ್ಯೆ ಹುಟ್ಟಿಸುವುದಕ್ಕಿಂತ ಇರುವ ಸಂಖ್ಯೆಯನ್ನು ಎರವಲು ಪಡೆಯುವುದು ಯಾವಾಗಲೂ ಮೇಲು, ಏಕೆಂದರೆ ಅದು ಆಟದ ಉಳಿದ ಭಾಗದೊಡನೆ ಆಗಲೇ ಹೊಂದಿಕೊಂಡಿದೆ. ಇಪ್ಪತ್ತು ಮುಖದ ದಾಳದಲ್ಲಿ ಬಿದ್ದದ್ದಕ್ಕೆ ಪಾತ್ರದ ಬೋನಸ್ ಕೂಡಿಸಿ ಮುಟ್ಟಬೇಕಾದ ಸಂಖ್ಯೆಯೇ ಕೆಲಸದ ಕಷ್ಟ; ಅದನ್ನು ಅಳೆಯಲು ಪುಸ್ತಕವೇ ಏಣಿ ಇಟ್ಟಿದೆ: 5 ತೀರ ಸುಲಭ, 10 ಸುಲಭ, 15 ಮಧ್ಯಮ, 20 ಕಷ್ಟ, 25 ಬಹಳ ಕಷ್ಟ, 30 ಅಸಾಧ್ಯಕ್ಕೆ ಹತ್ತಿರ. ಒಂದೇ ಏಟಿಗೆ ದಪ್ಪ ಹಗ್ಗ ತುಂಡಾಗಲು 15 ಸಾಕು.

ಕೊನೆಗೆ ತೀರ್ಪನ್ನು ಪೂರ್ತಿಯಾಗಿ, ಸೋಲಿನ ಫಲವನ್ನೂ ಸೇರಿಸಿ, ಗಟ್ಟಿಯಾಗಿ ಹೇಳಿ: ‘ಹಗ್ಗ ತುಂಡಾಗೋಕೆ 15 ಬೇಕು. ತುಂಡಾದ್ರೆ ನಾಯಕ ಪಕ್ಕಕ್ಕೆ ಹಾರೋಕೆ ಒಂದು ಸೇವಿಂಗ್ ಥ್ರೋ, ಅಂದ್ರೆ ತಪ್ಪಿಸಿಕೊಳ್ಳೋ ದಾಳ, ಹಾಕ್ತಾನೆ. ಸೋತ್ರೆ ನಾಲ್ಕು ದಾಳದ ಪೆಟ್ಟು, ಗೆದ್ರೆ ಅರ್ಧ. ನಿನ್ನ ಏಟು ತಪ್ಪಿದ್ರೆ ಗಂಟೆ ಮೊಳಗುತ್ತೆ, ಇಡೀ ಕೋಟೆ ಎಚ್ಚರವಾಗುತ್ತೆ. ಮಾಡ್ತೀಯಾ?’

ಆ ಕೊನೆಯ ಪ್ರಶ್ನೆಯನ್ನು ಬಿಡಬೇಡಿ. ಆಕೆಯ ಪಾತ್ರಕ್ಕೆ 5ರ ಬೋನಸ್ ಇದ್ದರೆ ಇಪ್ಪತ್ತು ಮುಖದ ದಾಳದಲ್ಲಿ 10 ಅಥವಾ ಹೆಚ್ಚು ಬೀಳಬೇಕು. ಗೆಲ್ಲುವ ಅವಕಾಶ ಶೇಕಡ 55. ಗೋಪುರದ ಮೇಲೆ ನಿಜವಾಗಿಯೂ ನಿಂತಿರುವ ಕಳ್ಳನಿಗೆ ಹಗ್ಗವನ್ನು ಮುಟ್ಟಿ ನೋಡಿದೊಡನೆ ಇಷ್ಟು ಅಂದಾಜು ಸಿಕ್ಕೇ ಸಿಗುತ್ತದೆ. ಆ ಅಂದಾಜನ್ನು ಆಟಗಾರ್ತಿಯಿಂದ ಮುಚ್ಚಿಡುವುದರಲ್ಲಿ ಯಾವ ರೋಮಾಂಚನವೂ ಇಲ್ಲ. ಆಕೆ ಬೇಡವೆಂದು ಹಿಂದೆ ಸರಿದರೆ ಸರಿಯಲಿ. ಪಾತ್ರಕ್ಕೆ ಗೊತ್ತಾಗಲಾರದ್ದನ್ನು ಮಾತ್ರ, ಉದಾಹರಣೆಗೆ ನಾಯಕ ನಿಜಕ್ಕೂ ವೇಷ ಮರೆಸಿಕೊಂಡ ಮಾಂತ್ರಿಕ ಎಂಬಂಥದ್ದನ್ನು, ನೀವು ಗುಟ್ಟಾಗಿಟ್ಟುಕೊಳ್ಳಬಹುದು.

ಹಂತ 4: ಎಷ್ಟು ಸಲ ದಾಳ ಎಂಬುದೂ ಒಂದು ತೀರ್ಪು

ಇದನ್ನು ಅನುಭವಿಗಳೂ ಮರೆಯುತ್ತಾರೆ. ಸದ್ದಿಲ್ಲದೆ ನಡೆಯುವುದರಲ್ಲಿ ಪ್ರತಿ ಬಾರಿ ಶೇಕಡ 75ರಷ್ಟು ಗೆಲ್ಲುವ ಪಾತ್ರವೊಂದು ನಾಲ್ಕು ಕೋಣೆಗಳನ್ನು ದಾಟಬೇಕಾಗಿದೆ; ಗೇಮ್ ಮಾಸ್ಟರ್ ಪ್ರತಿ ಕೋಣೆಗೂ ದಾಳ ಕೇಳುತ್ತಾರೆ. ನಾಲ್ಕರಲ್ಲೂ ಗೆಲ್ಲುವ ಅವಕಾಶ ಸುಮಾರು ಶೇಕಡ 32ಕ್ಕೆ ಇಳಿಯುತ್ತದೆ. ಯಾವ ನಿಯಮವನ್ನೂ ಮುರಿಯದೆ, ಕೇವಲ ‘ಮತ್ತೊಂದು ಸಲ ಹಾಕು’ ಎನ್ನುತ್ತ, ಅವರು ನಿಪುಣನನ್ನು ಎಡವುವವನನ್ನಾಗಿ ಮಾಡಿಬಿಟ್ಟರು. ಬರ್ನಿಂಗ್ ವ್ಹೀಲ್ ಆಟ ಇದಕ್ಕೆ ಕಡಿವಾಣ ಹಾಕಿದೆ: ಒಂದು ಉದ್ದೇಶಕ್ಕೆ ಒಂದೇ ಪರೀಕ್ಷೆ, ಪರಿಸ್ಥಿತಿ ನಿಜವಾಗಿ ಬದಲಾಗುವ ತನಕ ಆ ಫಲವೇ ಊರ್ಜಿತ. ಯಾವ ಆಟ ಆಡುತ್ತಿದ್ದರೂ ಈ ಕಟ್ಟಳೆಯನ್ನು ನೀವು ನಿಮಗೇ ಹಾಕಿಕೊಳ್ಳಬಹುದು.

ಸಣ್ಣ ಅನುಕೂಲ, ಸಣ್ಣ ತೊಡಕುಗಳಿಗೂ ಇದೇ ಎಚ್ಚರ ಬೇಕು. ಐದನೆಯ ಆವೃತ್ತಿಯಲ್ಲಿ ‘ಅಡ್ವಾಂಟೇಜ್’ ಕೊಡುವುದೆಂದರೆ ಎರಡು ದಾಳ ಹಾಕಿ ದೊಡ್ಡದನ್ನು ಇಟ್ಟುಕೊಳ್ಳುವುದು. ಮೇಲಿನ ಶೇಕಡ 55ರ ಅವಕಾಶ ಅದರಿಂದ ಸುಮಾರು 80ಕ್ಕೆ ಏರುತ್ತದೆ. ‘ಡಿಸ್ಅಡ್ವಾಂಟೇಜ್’ ಕೊಟ್ಟರೆ ಸುಮಾರು 30ಕ್ಕೆ ಕುಸಿಯುತ್ತದೆ. ಮಳೆ ಸ್ವಲ್ಪ ಜಿನುಗುತ್ತಿದೆ ಎಂಬುದಕ್ಕೆ ಇಷ್ಟು ದೊಡ್ಡ ಕಲ್ಲನ್ನು ತಕ್ಕಡಿಗೆ ಹಾಕುವುದು ಸರಿಯೇ ಎಂದು ಒಮ್ಮೆ ಯೋಚಿಸಬೇಕು.

ಹಂತ 5: ಆಟಗಾರರು ಆಕ್ಷೇಪಿಸಿದಾಗ

ನಿಯಮಗಳನ್ನು ನಿಮಗಿಂತ ಚೆನ್ನಾಗಿ ಓದಿಕೊಂಡವರು ಪ್ರತಿ ಮೇಜಿನಲ್ಲೂ ಒಬ್ಬರಾದರೂ ಇರುತ್ತಾರೆ. ಅವರನ್ನು ಎದುರಾಳಿ ಎಂದು ತಿಳಿಯುವುದು ಹೊಸಬರ ಮೊದಲ ತಪ್ಪು. ಪುಟ ಹುಡುಕುವ ಕೆಲಸವನ್ನು ಅವರಿಗೇ ವಹಿಸಿ. ನೀವು ಕಥೆಯನ್ನು ಮುಂದಿನವರ ಸರದಿಗೆ ಒಯ್ಯಿರಿ. ಒಂದೆರಡು ನಿಮಿಷಗಳಲ್ಲಿ ಪುಟ ಸಿಕ್ಕಿ, ಅದು ನಿಮ್ಮ ತೀರ್ಪಿಗೆ ವಿರುದ್ಧವಾಗಿದ್ದು, ಇನ್ನೂ ದಾಳ ಉರುಳಿಲ್ಲವಾದರೆ, ‘ಹೌದು, ಪುಸ್ತಕದಂತೆಯೇ ಆಗಲಿ’ ಎಂದುಬಿಡಿ. ಅದರಿಂದ ನಿಮ್ಮ ಮಾತಿನ ತೂಕ ಕಡಿಮೆಯಾಗುವುದಿಲ್ಲ.

ಪುಟ ಸಿಗದಿದ್ದರೆ ಆ ಹೊತ್ತಿನ ತೀರ್ಪನ್ನು ಆಟಗಾರರ ಕಡೆಗೆ ವಾಲಿಸಿ. ಅದರಲ್ಲೂ ಪಾತ್ರವೊಂದರ ಪ್ರಾಣ ತೂಗಾಡುತ್ತಿರುವಾಗ ಇದನ್ನು ಕಡ್ಡಾಯ ಮಾಡಿಕೊಳ್ಳಿ. ನಿಮ್ಮ ಬಳಿ ರಾಕ್ಷಸರಿಗೆ ಬರವಿಲ್ಲ, ಅವರ ಬಳಿ ಇರುವುದು ಒಂದೇ ಪಾತ್ರ. ಆದರೆ ವಾಲಿಸುವಾಗ ಮುಖ ನೋಡಿ ಮಣೆ ಹಾಕಬೇಡಿ. ಮಾತಿನ ಮಲ್ಲರಾದವರಿಗೆ ಪ್ರತಿ ಬಾರಿ ರಿಯಾಯಿತಿ ಸಿಕ್ಕಿ, ಮೂಲೆಯಲ್ಲಿ ಸುಮ್ಮನೆ ಕುಳಿತವರಿಗೆ ಸದಾ ಅಕ್ಷರಶಃ ನಿಯಮವೇ ಗತಿಯಾದರೆ, ಮೂರನೆಯ ಸೆಷನ್ ಹೊತ್ತಿಗೆ ಎಲ್ಲರೂ ಆಟವಾಡುವುದನ್ನು ಬಿಟ್ಟು ವಾದ ಮಾಡಲು ಕಲಿತಿರುತ್ತಾರೆ.

ಹಂತ 6: ತೀರ್ಪನ್ನು ಬರೆದಿಡಿ, ಅದು ಹೌಸ್ ರೂಲ್ ಆಗಬೇಕೇ ಎಂದು ಆಮೇಲೆ ನಿರ್ಧರಿಸಿ

ತೀರ್ಪು ಒಂದು ಸಂದರ್ಭದ್ದು, ನಿಯಮ ಎಲ್ಲ ಸಂದರ್ಭಗಳದ್ದು. ಗಂಟೆ ಬೀಳಿಸಿ ಗೆದ್ದ ಆಟಗಾರ್ತಿ ಮುಂದಿನ ಕಾಳಗದಲ್ಲಿ ದೀಪದ ಗೊಂಚಲು ಬೀಳಿಸಲು ಹೊರಡುತ್ತಾಳೆ, ಅದರ ಮುಂದಿನದರಲ್ಲಿ ಕಲ್ಲಿನ ಕಮಾನು. ಮೊದಲ ಸಲ ಏನು ಹೇಳಿದಿರೆಂಬುದು ನಿಮಗೆ ನೆನಪಿರಲಿಕ್ಕಿಲ್ಲ, ಆಕೆಗೆ ಖಂಡಿತ ನೆನಪಿರುತ್ತದೆ. ಅದಕ್ಕಾಗಿಯೇ ಒಂದು ನೋಟ್‌ಬುಕ್ ಇಟ್ಟುಕೊಂಡು ದಿನಾಂಕ, ಸಂದರ್ಭ, ತೀರ್ಪು ಈ ಮೂರನ್ನು ಒಂದು ಸಾಲಿನಲ್ಲಿ ಬರೆದಿಡಿ. ಒಂದೇ ಬಗೆಯ ತೀರ್ಪು ಮೂರು ಸಲ ಬಂದರೆ ಅದನ್ನು ಹೌಸ್ ರೂಲ್, ಅಂದರೆ ನಿಮ್ಮ ಮೇಜಿನದೇ ನಿಯಮ, ಮಾಡುವ ಪ್ರಸ್ತಾಪವನ್ನು ಎಲ್ಲರ ಮುಂದಿಡಿ.

ಪ್ರಸ್ತಾಪಕ್ಕೆ ಮುನ್ನ ಲೆಕ್ಕ ಹಾಕುವುದು ಅಗತ್ಯ. ದಾಳದಲ್ಲಿ 1 ಬಿದ್ದರೆ ಕತ್ತಿ ಕೈಜಾರಬೇಕು ಎಂಬ ಹೌಸ್ ರೂಲ್ ಬಹಳ ಜನಪ್ರಿಯ, ಕೇಳಲು ತಮಾಷೆಯಾಗಿಯೂ ಇದೆ. ಐದನೆಯ ಆವೃತ್ತಿಯಲ್ಲಿ ದಾಳಿಯಲ್ಲಿ 1 ಬಿದ್ದರೆ ಏಟು ತಪ್ಪುತ್ತದೆ, ಅಷ್ಟೇ. ಈಗ ನೋಡಿ: ಸರದಿಗೆ ಒಂದೇ ಏಟು ಹೊಡೆಯುವ ಹೊಸಬ ಸೈನಿಕನ ಕತ್ತಿ ಜಾರುವ ಸಂಭವ ಶೇಕಡ 5. ಇಪ್ಪತ್ತನೆಯ ಮಟ್ಟ ತಲುಪಿ ಸರದಿಗೆ ನಾಲ್ಕು ಏಟು ಹೊಡೆಯುವ ಮಹಾವೀರನಿಗೆ ಅದು ಸುಮಾರು ಶೇಕಡ 18.5. ಕಲಿತಷ್ಟೂ ಕತ್ತಿ ಹೆಚ್ಚು ಜಾರುತ್ತದೆ! ದಾಳವನ್ನೇ ಹಾಕದೆ ಮಂತ್ರ ಹೇಳುವ ಮಾಂತ್ರಿಕನಿಗೋ ಯಾವ ತೊಂದರೆಯೂ ಇಲ್ಲ. ಒಂದು ಸಾಲಿನ ತಮಾಷೆಯ ನಿಯಮ ಹೀಗೆ ಒಂದಿಡೀ ವರ್ಗದ ಪಾತ್ರಗಳನ್ನು ಸದ್ದಿಲ್ಲದೆ ದುರ್ಬಲಗೊಳಿಸುತ್ತದೆ.

ಹೊಸ ನಿಯಮವನ್ನು ಮೂರು ಸೆಷನ್‌ಗಳ ಪ್ರಯೋಗಕ್ಕೆಂದು ತಂದು, ಅವಧಿ ಮುಗಿದ ಮೇಲೆ ಉಳಿಸಬೇಕೇ ಎಂದು ಕೇಳಿ. ಗೊತ್ತಿಲ್ಲದೆಯೇ ಜಾರಿಯಾಗಿರುವ ಹೌಸ್ ರೂಲ್‌ಗಳನ್ನೂ ಹುಡುಕಿ. ಕೌಶಲದ ಪರೀಕ್ಷೆಯಲ್ಲಿ 20 ಬಿದ್ದರೆ ತಾನಾಗಿ ಗೆಲುವು ಎಂದು ಅನೇಕ ಮೇಜುಗಳಲ್ಲಿ ನಂಬಿಕೆಯಿದೆ. ಐದನೆಯ ಆವೃತ್ತಿಯ ನಿಯಮದಲ್ಲಿ ಅದು ದಾಳಿಗೆ ಮಾತ್ರ ಅನ್ವಯಿಸುತ್ತದೆ.

ಹಂತ 7: ಬಿದ್ದ ದಾಳವನ್ನು ತಿರುಚುವ ಆಸೆ

ಪರದೆಯ ಹಿಂದೆ ಬಿದ್ದದ್ದು 19, ಹೇಳುವುದು 9. ಪಾತ್ರವನ್ನು ಉಳಿಸಲು ಹಾಗೆ ಮಾಡುವುದು ದಯೆ ಎಂದು ಒಪ್ಪುವ ಅನುಭವಿಗಳು ಬಹಳ ಜನ ಇದ್ದಾರೆ. ನಾನು ಒಪ್ಪುವುದಿಲ್ಲ, ಮತ್ತು ಅದಕ್ಕೆ ಕಾರಣ ನನ್ನದೇ ಅನುಭವ. ಆಟ ನಡೆಸತೊಡಗಿದ ಹೊಸದರಲ್ಲಿ, ತಿಂಗಳುಗಟ್ಟಲೆ ಕಟ್ಟಿದ ಖಳನಾಯಕ ಎರಡನೆಯ ಸುತ್ತಿನಲ್ಲೇ ಸಾಯುವಂತಾದಾಗ ಅವನ ಪ್ರಾಣಬಲಕ್ಕೆ ಮನಸ್ಸಿನಲ್ಲೇ ಐವತ್ತು ಸೇರಿಸಿದೆ. ಕಾಳಗ ಚೆನ್ನಾಗಿಯೇ ನಡೆಯಿತು, ಎಲ್ಲರೂ ಮೆಚ್ಚಿದರು. ಆದರೆ ಪ್ರತಿ ಏಟನ್ನೂ ಕಾಗದದಲ್ಲಿ ಕೂಡಿಸುತ್ತಿದ್ದ ಗೆಳೆಯನೊಬ್ಬ ಆಟ ಮುಗಿದ ಮೇಲೆ ಹಾಳೆಯನ್ನು ನನ್ನ ಮುಂದಿಟ್ಟು, ‘ಹಾಗಾದರೆ ನನ್ನ ದೊಡ್ಡ ಏಟು ಲೆಕ್ಕಕ್ಕೇ ಬರಲಿಲ್ಲ ಅಲ್ವಾ?’ ಎಂದ. ಅಲ್ಲಿಂದ ಮುಂದೆ ನನ್ನ ಮೇಜಿನಲ್ಲಿ ಯಾವ ಗೆಲುವನ್ನೂ ಅವನು ಪೂರ್ತಿ ನಂಬಲಿಲ್ಲ. ನಿಯಮ ಕಾಯಬೇಕಾದವರೇ ಗುಟ್ಟಾಗಿ ನಿಯಮ ಮುರಿಯುವುದಕ್ಕೆ ನಮ್ಮಲ್ಲಿ ಹೆಸರಿದೆ: ಬೇಲಿಯೇ ಎದ್ದು ಹೊಲ ಮೇಯುವುದು.

ಅಂದಿನಿಂದ ಕಾಳಗದ ದಾಳಗಳನ್ನು ಎಲ್ಲರೆದುರೇ ಉರುಳಿಸುತ್ತೇನೆ. ಅದರಿಂದ ಕೈ ಕಟ್ಟಿದಂತಾಗುವುದಿಲ್ಲ, ಏಕೆಂದರೆ ಬಿದ್ದ ಸಂಖ್ಯೆಯನ್ನು ಮುಟ್ಟದೆಯೇ ಲೋಕವನ್ನು ನಡೆಸುವ ಹಕ್ಕು ಗೇಮ್ ಮಾಸ್ಟರ್ ಬಳಿ ಉಳಿದೇ ಇರುತ್ತದೆ. ಗೆಲ್ಲುತ್ತಿರುವ ಶತ್ರು ಪ್ರಜ್ಞೆ ತಪ್ಪಿದವರನ್ನು ಕೊಲ್ಲುವ ಬದಲು ಸೆರೆ ಹಿಡಿಯಬಹುದು, ಹೆದರಿದ ದರೋಡೆಕೋರರು ಓಡಬಹುದು, ಖಳನಾಯಕ ಸತ್ತ ಮೇಲೆ ಅವನ ಜೇಬಿನಲ್ಲಿ ಇನ್ನೂ ದೊಡ್ಡ ಧಣಿಯೊಬ್ಬನ ಪತ್ರ ಸಿಗಬಹುದು. ಬರಬಹುದಾದ ಫಲಗಳಲ್ಲಿ ಒಂದನ್ನಾದರೂ ಸಹಿಸಲಾಗದು ಎನ್ನಿಸಿದ ಕಡೆ ದಾಳವನ್ನು ಕೇಳಲೇಬೇಡಿ. ಕೇಳದೆ ಇರುವುದು ದಾಳಕ್ಕೆ ಮುಂಚಿನ ತೀರ್ಪು, ಆದ್ದರಿಂದ ನ್ಯಾಯವಾದದ್ದು.

ಹಂತ 8: ತಪ್ಪಿದ ತೀರ್ಪನ್ನು ಹಿಂಪಡೆಯುವುದು

ಸೆಷನ್ ಮುಗಿದ ಮೇಲೆ ಪುಸ್ತಕ ತೆರೆದಾಗ ನೀವು ತಪ್ಪಿದ್ದು ಕಂಡರೆ, ಮುಂದಿನ ಸೆಷನ್ ಆರಂಭದಲ್ಲೇ ಎರಡು ವಾಕ್ಯಗಳಲ್ಲಿ ಹೇಳಿ: ಹಿಂದೆ ಹೀಗೆ ಹೇಳಿದ್ದೆ, ಇನ್ನು ಮುಂದೆ ಹೀಗೆ. ದೀರ್ಘ ಸಮಜಾಯಿಷಿ ಬೇಡ. ನಡೆದುಹೋದ ಕಥೆಯನ್ನು ಸಾಮಾನ್ಯವಾಗಿ ಹಾಗೆಯೇ ಬಿಡಬೇಕು. ಒಂದು ಏಟಿನ ಲೆಕ್ಕ ತಪ್ಪಿತೆಂದು ಇಡೀ ಕಾಳಗವನ್ನು ಮತ್ತೆ ಆಡಿಸಲು ಹೋದರೆ ಒಂದು ಗಂಟು ಬಿಚ್ಚಲು ಹೋಗಿ ಹತ್ತು ಗಂಟು ಹಾಕಿದಂತಾಗುತ್ತದೆ.

ಇದಕ್ಕೆ ಎರಡು ಅಪವಾದಗಳನ್ನು ನಾನು ಇಟ್ಟುಕೊಂಡಿದ್ದೇನೆ. ತಪ್ಪು ತೀರ್ಪಿನಿಂದಲೇ ಪಾತ್ರವೊಂದು ಸತ್ತಿದ್ದರೆ, ಅಥವಾ ಮರಳಿ ಪಡೆಯಲಾಗದ್ದೇನನ್ನೋ ಕಳೆದುಕೊಂಡಿದ್ದರೆ, ಮುಂದೆ ಏನಾಗಬೇಕೆಂದು ಆ ಆಟಗಾರರನ್ನೇ ಮೊದಲು ಕೇಳುತ್ತೇನೆ. ಕೆಲವರು ಆಗಲೇ ಹೊಸ ಪಾತ್ರ ಕಟ್ಟಿಕೊಂಡು ಬಂದು, ಹಳೆಯವನ ಸಾವು ಚೆನ್ನಾಗಿಯೇ ಇತ್ತು, ಇರಲಿ ಬಿಡಿ ಎನ್ನುತ್ತಾರೆ. ಹಾಗೆನ್ನದಿದ್ದರೆ ಮೇಜಿನ ಎಲ್ಲರೂ ಸೇರಿ ಅವನು ಬದುಕುಳಿದ ಬಗೆಯನ್ನು ಐದು ನಿಮಿಷದಲ್ಲಿ ಕಟ್ಟುತ್ತೇವೆ, ನೋಟ್‌ಬುಕ್‌ನಲ್ಲಿ ಹಳೆಯ ಸಾಲಿನ ಮೇಲೆ ಗೀಟು ಹಾಕಿ ಹೊಸ ಸಾಲು ಬರೆಯುತ್ತೇನೆ, ಆಟ ಮುಂದುವರಿಯುತ್ತದೆ.